ಎನ್‌ಜಿಒ ಫಂಡ್‌ರೈಸಿಂಗ್: ಕೆಲಸ ಬದಲಿಸೋದು ಯಾವಾಗ?

ಎನ್‌ಜಿಒಗಳಿಗೆ ಹಣ ಕೂಡಿಸುವ ಕೆಲಸದಲ್ಲಿರುವ ಕಿರಿಯ ಗೆಳೆಯರು ನನ್ನನ್ನು ಹೆಚ್ಚಾಗಿ ಕೇಳೋದು ಒಂದೇ ಪ್ರಶ್ನೆ: ‘ಬಿಡೋದಾ, ಇರೋದಾ?’ ನಾವು ತರುವ ಹಣದಲ್ಲೇ ಯಾವುದೋ ಹಳ್ಳಿಯ ಕಾರ್ಯಕರ್ತೆಯ ಸಂಬಳ ಆಗಬೇಕು, ಹಾಗಾಗಿ ಈ ಪ್ರಶ್ನೆಗೆ ತೂಕ ಜಾಸ್ತಿ. ಆದರೆ ‘ಇದು ಸೇವೆ, ಬಿಟ್ಟರೆ ದ್ರೋಹ’ ಅನ್ನುವ ಮಾತನ್ನು ನಾನು ಒಪ್ಪಲ್ಲ. ಇದು ಉದ್ಯೋಗ. ಒಬ್ಬರು ಹೋದ ಕೂಡಲೇ ಸಂಸ್ಥೆ ಕುಸಿಯುತ್ತೆ ಅಂದರೆ ಅದಕ್ಕೆ ಉತ್ತರ ಕೊಡಬೇಕಾದ್ದು ಆಡಳಿತ ಮಂಡಳಿ. ನಾವು ಮಾಡಬೇಕಾದ್ದು, ಹೊರಡುವ ಸಮಯವನ್ನು ಲೆಕ್ಕ ಹಾಕಿ ಆರಿಸಿಕೊಳ್ಳೋದು.

ಹಣದ ಕ್ಯಾಲೆಂಡರ್

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ನಿಗದಿತ ಮಿತಿ ದಾಟಿದ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಕನಿಷ್ಠ ಶೇ 2ರಷ್ಟನ್ನು ಸಿಎಸ್‌ಆರ್‌ಗೆ ಖರ್ಚು ಮಾಡಬೇಕು. ಆರ್ಥಿಕ ವರ್ಷ ಮುಗಿಯೋದು ಮಾರ್ಚ್ 31ಕ್ಕೆ. ಹಾಗಾಗಿ ಜನವರಿಯಿಂದ ನಮಗೆ ಉಸಿರಾಡೋಕೂ ಪುರುಸೊತ್ತಿರಲ್ಲ. 80ಜಿ ದಾನಿಗಳ ವಿವರ ಸಲ್ಲಿಸಲು ಮೇ 31ರ ಗಡುವು. ಅಕ್ಟೋಬರ್ 2ರಿಂದ 8ರವರೆಗೆ ದಾನ್ ಉತ್ಸವ. ನನ್ನ ಪ್ರಕಾರ ಜೂನ್–ಜುಲೈ ಹೊರಡಲು ಒಳ್ಳೆಯ ಕಾಲ. ಹೊಸಬರಿಗೆ ಮುಂದಿನ ಸುಗ್ಗಿಗೆ ಮೊದಲು ದಾನಿಗಳ ಪರಿಚಯ ಆಗುತ್ತೆ.

ನಿಮ್ಮ ಲೆಕ್ಕ

ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗಲು 5 ವರ್ಷದ ನಿರಂತರ ಸೇವೆ ಬೇಕು. ನಾಲ್ಕೂವರೆ ವರ್ಷ ದುಡಿದವರು ಸಿಟ್ಟಿನಲ್ಲಿ ರಾಜೀನಾಮೆ ಬರೆಯಬೇಡಿ. ನಮ್ಮಲ್ಲಿ ಹಲವರು ಪ್ರಾಜೆಕ್ಟ್ ಅವಧಿಯ ಒಪ್ಪಂದದಲ್ಲಿರುತ್ತಾರೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ನಿಗದಿತ ಅವಧಿಯ ನೌಕರರಿಗೆ 1 ವರ್ಷದ ಸೇವೆ ಸಾಕು. ನಿಮ್ಮ ನೇಮಕಾತಿ ಪತ್ರ ತೆಗೆದು ನೋಡಿ.

ಯಾವುದು ಕಾರಣ, ಯಾವುದಲ್ಲ

ಒಂದು ಪ್ರಸ್ತಾವನೆ ತಿರಸ್ಕಾರವಾಯ್ತು, ಒಂದು ತ್ರೈಮಾಸಿಕ ಟಾರ್ಗೆಟ್ ಮುಟ್ಟಲಿಲ್ಲ ಅನ್ನೋದು ಕಾರಣವಲ್ಲ. ವರ್ಷ ವರ್ಷ ಟಾರ್ಗೆಟ್ ಏರುತ್ತಿದ್ದು ಜನ, ಸಂಬಳ ಎರಡೂ ಏರದಿದ್ದರೆ ಅದು ಕಾರಣ. ಕಲಿಯೋಕೆ ಏನೂ ಉಳಿದಿಲ್ಲ ಅನ್ನೋದೂ ಕಾರಣವೇ. ದಾನಿಗೆ ಹೇಳಿದ ಕೆಲಸಕ್ಕೆ ಹಣ ಹೋಗ್ತಿಲ್ಲ ಅಂತ ಗೊತ್ತಾದರೆ ಲಿಖಿತವಾಗಿ ವಿವರಣೆ ಕೇಳಿ. ಉತ್ತರ ಬರದಿದ್ದರೆ ಜೂನ್‌ವರೆಗೂ ಕಾಯಬೇಡಿ.

ಹೊಸ ಸಂಸ್ಥೆಗೆ ಕೇಳಬೇಕಾದ ಪ್ರಶ್ನೆಗಳು

ಎಷ್ಟು ತಿಂಗಳ ಖರ್ಚಿಗೆ ಹಣ ಕೈಯಲ್ಲಿದೆ? ಒಬ್ಬನೇ ದಾನಿ ಮೇಲೆ ಎಷ್ಟು ಅವಲಂಬನೆ? ವಿದೇಶಿ ಹಣವಿದ್ದರೆ, 5 ವರ್ಷದ ಎಫ್‌ಸಿಆರ್‌ಎ ನೋಂದಣಿ ಯಾವಾಗ ಮುಗಿಯುತ್ತೆ? 2020ರ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ 20ಕ್ಕೆ ಇಳಿಸಿತು. ಒಂದು ಸಂಸ್ಥೆ ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಂದಕ್ಕೆ ವರ್ಗಾಯಿಸೋದನ್ನೂ ನಿಷೇಧಿಸಿತು. ಹಾಗಾಗಿ ನಿಮ್ಮ ಸಂಬಳ ಯಾವ ಬಾಬ್ತಿನಿಂದ ಬರುತ್ತೆ ಅಂತ ಸಂಕೋಚವಿಲ್ಲದೆ ಕೇಳಿ. ‘ತಂದ ಹಣದಲ್ಲಿ ಇಷ್ಟು ಪರ್ಸೆಂಟ್ ಕೊಡ್ತೀವಿ’ ಅಂದರೆ ಎದ್ದು ಬನ್ನಿ. ಅಂತರರಾಷ್ಟ್ರೀಯ ಸಂಘವಾದ ಅಸೋಸಿಯೇಷನ್ ಆಫ್ ಫಂಡ್‌ರೈಸಿಂಗ್ ಪ್ರೊಫೆಷನಲ್ಸ್‌ನ ನೀತಿ ಸಂಹಿತೆ ಕಮಿಷನ್ ಪದ್ಧತಿಯನ್ನು ಒಪ್ಪಲ್ಲ.

ಹೊರಡುವಾಗ

ದಾನಿಗಳ ಪಟ್ಟಿ ನಿಮ್ಮದಲ್ಲ, ಸಂಸ್ಥೆಯದು. ಅದೇ ನೀತಿ ಸಂಹಿತೆ ಇದನ್ನೂ ಹೇಳುತ್ತೆ. ಫೋನ್‌ನಲ್ಲಿ ಹೊತ್ತೊಯ್ಯಬೇಡಿ. ಯಾರಿಗೆ ಏನು ಮಾತು ಕೊಟ್ಟಿದ್ದೀರಿ, ಯಾವ ವರದಿ ಯಾವತ್ತು ಹೋಗಬೇಕು, ಎಲ್ಲವನ್ನೂ ಬರೆದಿಡಿ. ಮುಖ್ಯ ದಾನಿಗಳ ಹತ್ತಿರ ಹೊಸಬರನ್ನು ನೀವೇ ಕರೆದುಕೊಂಡು ಹೋಗಿ. ಹೊಸ ಕೆಲಸದ ನೇಮಕಾತಿ ಪತ್ರ ಕೈಗೆ ಬರುವವರೆಗೂ ಹಳೆಯದಕ್ಕೆ ರಾಜೀನಾಮೆ ಕೊಡಬೇಡಿ. ಬಾಯಿಮಾತಿನ ಭರವಸೆಯನ್ನು ನಾವು ದಾನಿಗಳಿಂದಲೇ ಲೆಕ್ಕಕ್ಕೆ ತಗೊಳ್ಳಲ್ಲ, ಅಲ್ವಾ?