ಕೊಡಗಿನ ಕೋವಿಯ ಹಕ್ಕು: ಒಂದು ವಿವೇಚನೆ

ಲೈಸೆನ್ಸಿಲ್ಲದೆ ಮನೆಯಲ್ಲಿ ಕೋವಿಯನ್ನು ಇರಿಸಿಕೊಳ್ಳುವ ಕೊಡವರ ಹಕ್ಕು ಬ್ರಿಟಿಷರ ಕೊಡುಗೆಯೆಂದು ಹೇಳುವುದು ವಾಡಿಕೆ. ಇದು ಅರ್ಧಸತ್ಯ.

ಹಾಲೇರಿ ಅರಸರ ಕಾಲದಲ್ಲಿ ಜಮ್ಮಾ ಭೂಮಿಯನ್ನು ಅನುಭವಿಸುವವನು ಕರೆ ಬಂದಾಗ ಸೈನಿಕ ಸೇವೆಗೆ ಹಾಜರಾಗಬೇಕಾಗಿದ್ದಿತು. ಆದುದರಿಂದ ಆಯುಧಧಾರಣೆಯು ಮೊದಲು ಹಕ್ಕಲ್ಲ, ಭೂಮಿಯ ಋಣ. 1834ರಲ್ಲಿ ಕೊಡಗು ಕಂಪನಿಯ ವಶವಾಯಿತು. 1857ರ ದಂಗೆಯ ತರುವಾಯ ಪ್ರಜೆಗಳನ್ನು ನಿರಾಯುಧರನ್ನಾಗಿಸುವ ಶಾಸನ ಬಂದಿತು. 1861ರಲ್ಲಿ ಕಮೀಷನರ್ ಮಾರ್ಕ್ ಕಬ್ಬನ್ನನು ಕೊಡವರ ನಿಷ್ಠೆಯನ್ನು ಮನ್ನಿಸಿ ಅದರಿಂದ ವಿನಾಯಿತಿಯಿತ್ತನು. ಅವನು ಹೊಸ ಹಕ್ಕನ್ನು ಸೃಷ್ಟಿಸಲಿಲ್ಲ. ಹಳೆಯದನ್ನು ಕಸಿಯಲಿಲ್ಲ, ಅಷ್ಟೆ. ಆದರೆ ಋಣವಾಗಿದ್ದುದು ಅಂದಿನಿಂದ ಅನುಗ್ರಹವೆನಿಸಿತು.

1959ರ ಆಯುಧ ಕಾಯಿದೆಯ ಮೇರೆಗೆ 1963ರ ಅಧಿಸೂಚನೆಯು ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಈ ವಿನಾಯಿತಿಯನ್ನು ಮುಂದುವರಿಸಿತು. 2019ರಲ್ಲಿ ಕೇಂದ್ರ ಸರ್ಕಾರವು ಅದಕ್ಕೆ 2029ರ ವರೆಗೆ ಅವಧಿಯನ್ನು ಗೊತ್ತುಪಡಿಸಿತು. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು.

ಇಂದು ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲುತ್ತದೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ಸೇವೆ ಅಳಿದು ಆಚಾರ, ವಿನೋದಗಳು ಉಳಿದಿವೆ. ಋಣ ತೀರಿದ ಮೇಲೆ ಆಚಾರವೊಂದೇ ಹಕ್ಕಿಗೆ ಆಧಾರವಾಗಬಲ್ಲುದೇ? 2029ರಲ್ಲಿ ಪುನಃ ಏಳಲಿರುವ ಪ್ರಶ್ನೆ ಇದೇ. ಜಮ್ಮಾ ಭೂಮಿಯ ಚರಿತ್ರೆಯನ್ನು ಬಿಟ್ಟು ಅದಕ್ಕೆ ಉತ್ತರವನ್ನು ಅರಸಲಾಗದು.