ಮೌನದ ದುಡಿಮೆ: ಸ್ಕಾರ್ಸ್‌ಡೇಲ್ ಉಪನಗರದ ಒಂದು ಸಾಮಾಜಿಕ ಅಧ್ಯಯನ

ಸಾರಾಂಶ

ನ್ಯೂಯಾರ್ಕ್ ನಗರದ ಉತ್ತರಕ್ಕಿರುವ ಸ್ಕಾರ್ಸ್‌ಡೇಲ್, ಅಮೆರಿಕದ ಸಿರಿವಂತ ಉಪನಗರಗಳಲ್ಲಿ ಹೆಸರಾದ ಊರು. ಅಲ್ಲಿನ ನೆಮ್ಮದಿಯನ್ನು ಮರಗಿಡಗಳ ಕೊಡುಗೆ ಎಂದೋ ನಿವಾಸಿಗಳ ಅಭಿರುಚಿ ಎಂದೋ ವಿವರಿಸುವುದು ವಾಡಿಕೆ. ರೈಲು, ವಲಯ ಕಾನೂನು, ಹಗಲಿನ ದುಡಿಮೆ, ಶಾಲೆ ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಆ ನೆಮ್ಮದಿ ದಿನದಿನವೂ ತಯಾರಾಗುವ ವಸ್ತುವೆಂದೂ ಅದರ ಖರ್ಚಿನ ಒಂದು ಪಾಲು ಊರಗಡಿಯ ಆಚೆಯವರ ಮೇಲೆ ಬೀಳುತ್ತದೆಂದೂ ತಿಳಿಯುತ್ತದೆ. ಈ ಲೇಖನದ ವಾದ ಇಷ್ಟೇ.

1. ಟಿಕೆಟಿನಿಂದ ಹುಟ್ಟಿದ ಹೆಸರು

ಬೆಳಿಗ್ಗೆ ನಗರಕ್ಕೆ ಹೋಗಿ ಸಂಜೆ ಊರಿಗೆ ಮರಳುವವರನ್ನು ನಮ್ಮ ಪತ್ರಿಕೆಗಳು 'ನಿತ್ಯ ಪ್ರಯಾಣಿಕರು' ಎನ್ನುತ್ತವೆ. ಮಂಡ್ಯ, ಮದ್ದೂರಿನ ಪ್ಲಾಟ್‌ಫಾರಂಗಳಲ್ಲಿ ಅವರು 'ಪಾಸಿನವರು'. ಇಂಗ್ಲಿಷಿನ 'ಕಮ್ಯೂಟರ್' ಪದದ ಹುಟ್ಟಿಗೆ ಈ ಎರಡನೆಯ ಹೆಸರೇ ಹತ್ತಿರದ್ದು. 1840ರ ದಶಕದಲ್ಲಿ ಅಮೆರಿಕದ ರೈಲು ಕಂಪನಿಗಳು ದಿನದಿನದ ದರವನ್ನು ತಗ್ಗಿಸಿ, ಒಂದೇ ಗಂಟಿನ ಮೊತ್ತಕ್ಕೆ ಮಾರ್ಪಡಿಸಿ 'ಕಮ್ಯೂಟೇಶನ್ ಟಿಕೆಟ್' ಮಾರತೊಡಗಿದವು. ಮರಣದಂಡನೆಯನ್ನು ಜೀವಾವಧಿಗೆ ಇಳಿಸುವಾಗಲೂ ಇಂಗ್ಲಿಷಿನಲ್ಲಿ ಬಳಕೆಯಾಗುವುದು 'ಕಮ್ಯೂಟ್' ಎಂಬ ಇದೇ ಕ್ರಿಯಾಪದ. ಅಂದರೆ ಪದದ ಬೇರಿನಲ್ಲಿರುವುದು ರಿಯಾಯಿತಿ. ಪ್ರಯಾಣದ ಅರ್ಥ ಅದಕ್ಕೆ ಆಮೇಲೆ ಅಂಟಿಕೊಂಡಿತು. ಈ ರಿಯಾಯಿತಿ ಯಾರಿಗೆ ಸಿಕ್ಕಿತು, ಉಳಿದ ದರವನ್ನು ಯಾರು ತೆತ್ತರು ಎಂಬ ಪ್ರಶ್ನೆಯನ್ನು ಹಿಡಿದು ಊರೊಂದರ ಚರಿತ್ರೆಯನ್ನು ಓದಬಹುದು.

2. ಹಳಿಯ ಮೇಲೆ ಬಂದ ಊರು

ಸ್ಕಾರ್ಸ್‌ಡೇಲ್ ಎಂಬ ಹೆಸರು ಇಂಗ್ಲೆಂಡಿನ ಡರ್ಬಿಶೈರ್‌ನದು. ಅಲ್ಲಿಂದ ಬಂದ ವರ್ತಕ ಕೇಲೆಬ್ ಹೀತ್‌ಕೋಟ್ 1701ರಲ್ಲಿ ರಾಜಸನ್ನದು ಪಡೆದು ತನ್ನ ಜಹಗೀರಿಗೆ ಈ ಹೆಸರಿಟ್ಟ. 1844ರಲ್ಲಿ ಹಾರ್ಲೆಮ್ ರೈಲುಮಾರ್ಗ ಈ ಹೊಲಗಳನ್ನು ದಾಟಿ ನೆರೆಯೂರಾದ ವೈಟ್ ಪ್ಲೇನ್ಸ್ ಮುಟ್ಟಿತು. ಆದರೂ ಹೊಲ ಹೊಲವಾಗಿಯೇ ಉಳಿಯಿತು. ಜಮೀನನ್ನು ನಿವೇಶನಗಳಾಗಿ ಒಡೆದು ಮಾರುವ ಮೊದಲ ದೊಡ್ಡ ಯತ್ನ ನಡೆದದ್ದು 1891ರಲ್ಲಿ, ಆರ್ಥರ್ ಸಬರ್ಬನ್ ಹೋಮ್ ಕಂಪನಿಯಿಂದ.

ಹಳಿ ಬಂದು ಅರ್ಧ ಶತಮಾನವಾದರೂ ಊರು ಬೆಳೆಯದಿದ್ದುದಕ್ಕೆ ಹೊಗೆಯೂ ಒಂದು ಕಾರಣ. 1902ರ ಜನವರಿಯಲ್ಲಿ ಮ್ಯಾನ್‌ಹಟನ್ನಿನ ಪಾರ್ಕ್ ಅವೆನ್ಯೂ ಸುರಂಗದಲ್ಲಿ ಹಬೆ, ಹೊಗೆ ತುಂಬಿ ಸಿಗ್ನಲ್ ಕಾಣದೆ ಒಂದು ರೈಲು ಇನ್ನೊಂದಕ್ಕೆ ಗುದ್ದಿತು. ಸತ್ತ ಹದಿನೈದು ಮಂದಿಯಲ್ಲಿ ಹೆಚ್ಚಿನವರು ಸ್ಕಾರ್ಸ್‌ಡೇಲಿನ ನೆರೆಯ ನ್ಯೂ ರೋಶೆಲ್‌ನಿಂದ ಕೆಲಸಕ್ಕೆ ಹೊರಟ ಪಾಸಿನವರು. ಆ ದುರಂತದ ಬೆನ್ನಿಗೆ ಬಂದ ಕಾನೂನು 1908ರ ನಂತರ ಮ್ಯಾನ್‌ಹಟನ್ನಿನಲ್ಲಿ ಹಬೆ ಎಂಜಿನ್ ಓಡಕೂಡದೆಂದಿತು. 1910ರ ಹೊತ್ತಿಗೆ ಹಾರ್ಲೆಮ್ ಮಾರ್ಗದ ಈ ಭಾಗ ವಿದ್ಯುದೀಕರಣವಾಯಿತು. 1913ರಲ್ಲಿ ಹೊಸ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣ ತೆರೆಯಿತು. ಮಸಿ ಹತ್ತದ ಬಿಳಿ ಅಂಗಿಯಲ್ಲಿ ಕಚೇರಿ ತಲುಪುವುದು ಸಾಧ್ಯವಾದ ಮೇಲೆ ಮನೆಗಳೆದ್ದವು. 1920ರಲ್ಲಿ ಸುಮಾರು ಮೂರೂವರೆ ಸಾವಿರವಿದ್ದ ಜನಸಂಖ್ಯೆ 1930ಕ್ಕೆ ಒಂಬತ್ತೂವರೆ ಸಾವಿರ ದಾಟಿತು. ಇಂದು ಸುಮಾರು 18,000. ಗ್ರ್ಯಾಂಡ್ ಸೆಂಟ್ರಲ್ಲಿಗೆ ರೈಲಿನಲ್ಲಿ ಮುಕ್ಕಾಲು ಗಂಟೆಯೂ ಹಿಡಿಯದು. ಹಳ್ಳಿಗಾಡಿನಂತೆ ತೋರುವ ಈ ಊರಿನ ಹುಟ್ಟಿನಲ್ಲಿ ನಗರದ ಎಂಜಿನಿಯರಿಂಗಿನ ಪಾಲು ಎಷ್ಟೆಂಬುದಕ್ಕೆ ಇಷ್ಟು ಸಾಕು.

3. ಗಡಿ ಎಳೆದ ಬಗೆ

ಜನ ಬಂದಂತೆ ಇನ್ಯಾರು ಬರಬಾರದು ಎಂಬ ಚಿಂತೆಯೂ ಬಂತು. ಬೆಳೆಯುತ್ತಿದ್ದ ವೈಟ್ ಪ್ಲೇನ್ಸ್ ತನ್ನನ್ನು ನುಂಗೀತೆಂಬ ಭಯದಿಂದ ಸ್ಕಾರ್ಸ್‌ಡೇಲ್ 1915ರಲ್ಲಿ 'ವಿಲೇಜ್' ಆಗಿ ನೋಂದಾಯಿಸಿಕೊಂಡಿತು. ನಮ್ಮ 'ಹಳ್ಳಿ' ಎಂಬ ಅರ್ಥ ಇಲ್ಲಿ ಸಲ್ಲದು; ತನ್ನದೇ ಕಾಯಿದೆ ಮಾಡಿಕೊಳ್ಳಬಲ್ಲ ಪುರಸಭೆ ಎಂದು ತಿಳಿಯಬೇಕು. 1920ರ ದಶಕದ ಆರಂಭದಲ್ಲಿ ವಲಯ ಕಾನೂನು ಬಂತು: ಬಹುಪಾಲು ನೆಲ ಒಂಟಿ ಕುಟುಂಬದ ಮನೆಗಳಿಗೆ, ಅಂಗಡಿ ಮತ್ತು ಅಪಾರ್ಟ್‌ಮೆಂಟುಗಳಿಗೆ ನಿಲ್ದಾಣದ ಸುತ್ತಲಿನ ಚೂರು ಜಾಗ. ಇಂಥ ಕಾನೂನುಗಳನ್ನು ಎತ್ತಿಹಿಡಿದ 1926ರ ಯೂಕ್ಲಿಡ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಒಂಟಿ ಮನೆಗಳ ನಡುವಿನ ಅಪಾರ್ಟ್‌ಮೆಂಟನ್ನು ಪರಾವಲಂಬಿಗೆ ಹೋಲಿಸಿತು. ವಲಯ ಕಾನೂನಿನಲ್ಲಿ ಜನಾಂಗದ ಮಾತಾಗಲಿ ವರಮಾನದ ಮಾತಾಗಲಿ ಬರುವುದಿಲ್ಲ. ನಿವೇಶನದ ಅಳತೆ ಬರುತ್ತದೆ. ಅಳತೆ ದೊಡ್ಡದಾದರೆ ಬೆಲೆ ದೊಡ್ಡದು, ಉಳಿದ ಸೋಸುವಿಕೆಯನ್ನು ಬೆಲೆಯೇ ನೋಡಿಕೊಳ್ಳುತ್ತದೆ.

ನೋಟಕ್ಕೆ ಹಿತವಾದ ಭೂದೃಶ್ಯವೂ ಹೀಗೆಯೇ ಸಿದ್ಧವಾದದ್ದು. ಊರಿನ ಪಶ್ಚಿಮ ಅಂಚಿನಲ್ಲಿ ಹರಿಯುವ ಬ್ರಾಂಕ್ಸ್ ನದಿ ಕೊಳಚೆ ಕಾಲುವೆಯಾಗಿತ್ತು. 1907ರಲ್ಲಿ ನೇಮಕವಾದ ಆಯೋಗ ದಡದ ಕಾರ್ಖಾನೆ, ಶೆಡ್ಡು, ಜಾಹೀರಾತು ಫಲಕ, ಬಡವರ ಮನೆಗಳನ್ನು ಕೊಂಡು ಕೆಡವಿ ಮರ ನೆಡಿಸಿತು. 1925ರಲ್ಲಿ ಬ್ರಾಂಕ್ಸ್ ರಿವರ್ ಪಾರ್ಕ್‌ವೇ ಪೂರ್ಣಗೊಂಡಿತು. ಇಂದು ಅದರಲ್ಲಿ ಕಾರು ಓಡಿಸುವವರಿಗೆ ಕಾಣುವುದು ಎಂದಿನಿಂದಲೋ ಇದ್ದಂಥ ಕಾಡು.

ಗಡಿ ಎಷ್ಟು ಸೂಕ್ಷ್ಮವೆಂದು ತಿಳಿಯಲು ಅಂಚೆ ವಿಳಾಸ ನೋಡಬೇಕು. ನಿಲ್ದಾಣದ ಮಗ್ಗುಲಿನ ಗಾರ್ತ್ ರೋಡಿನ ಅಪಾರ್ಟ್‌ಮೆಂಟುಗಳಿಗೂ ಪಶ್ಚಿಮದ ಎಡ್ಜ್‌ಮಾಂಟಿಗೂ ಪತ್ರ ಬರುವುದು ಸ್ಕಾರ್ಸ್‌ಡೇಲ್ ಹೆಸರಿನಲ್ಲೇ. ಆದರೆ ಮೊದಲನೆಯದು ಈಸ್ಟ್‌ಚೆಸ್ಟರಿಗೆ, ಎರಡನೆಯದು ಗ್ರೀನ್‌ಬರ್ಗಿಗೆ ಸೇರಿದ್ದು. ವಿಳಾಸ ಒಂದೇ ಆದರೂ ಮಕ್ಕಳ ಶಾಲೆ ಬೇರೆ, ಕಟ್ಟುವ ತೆರಿಗೆ ಬೇರೆ.

4. ಹಗಲಿನ ಊರು

ರೈಲು ಹೊರಟ ಮೇಲೆ ಉಳಿಯುವವರು ಯಾರು? ಇಪ್ಪತ್ತನೆಯ ಶತಮಾನದ ಬಹುಭಾಗ ಈ ಪ್ರಶ್ನೆಗೆ ಎರಡು ಉತ್ತರಗಳಿದ್ದವು: ಮನೆಯೊಡತಿಯರು, ಮನೆಗೆಲಸದವರು. ಮಹಿಳಾ ಕ್ಲಬ್ಬು, ಶಾಲಾ ಸಮಿತಿ, ಗ್ರಂಥಾಲಯ, ತೋಟದ ಸಂಘ ಇವನ್ನು ಸಂಬಳವಿಲ್ಲದೆ ನಡೆಸಿದವರು ಮೊದಲನೆಯವರು. ಕ್ಯಾರೊಲ್ ಓಕಾನರ್ 1983ರಲ್ಲಿ ಪ್ರಕಟಿಸಿದ 'ಎ ಸಾರ್ಟ್ ಆಫ್ ಯುಟೋಪಿಯಾ' ಎಂಬ ಸ್ಕಾರ್ಸ್‌ಡೇಲ್ ಚರಿತ್ರೆ, ಗಂಡಸರು ಕಟ್ಟಿಸಿದ ಊರಿನಷ್ಟೇ ಗಮನವನ್ನು ಹೆಂಗಸರು ನಡೆಸಿದ ಊರಿಗೂ ಕೊಡುವುದರಿಂದ ಮುಖ್ಯವಾಗುತ್ತದೆ. ಎರಡನೆಯವರು ಮೊದಲು ಮನೆಯಲ್ಲೇ ಉಳಿದು ದುಡಿಯುತ್ತಿದ್ದರು; ಆಮೇಲೆ ಬ್ರಾಂಕ್ಸ್ ಮತ್ತು ಸುತ್ತಲ ಊರುಗಳಿಂದ ಬಂದು ಹೋಗುವವರಾದರು. ಒಂದು ಪ್ಲಾಟ್‌ಫಾರಮಿನಿಂದ ಯಜಮಾನರು ದಕ್ಷಿಣಕ್ಕೆ ಹೊರಡುವ ಹೊತ್ತಿಗೆ, ಉತ್ತರಕ್ಕೆ ಬಂದ ಬಸ್ಸು, ರೈಲುಗಳಿಂದ ಮಗು ನೋಡುವವರು, ಅಡುಗೆಯವರು, ಮುದುಕರ ಆರೈಕೆಯವರು ಇಳಿಯುತ್ತಾರೆ. ಇವರೂ ನಿತ್ಯ ಪ್ರಯಾಣಿಕರೇ. ಉಪನಗರ ಸಾಹಿತ್ಯದಲ್ಲಿ ಆ ಹೆಸರು ಇವರಿಗೆ ಅಪರೂಪಕ್ಕೂ ಸಿಕ್ಕಿಲ್ಲ.

ಹಗಲಿನ ಮೌನ ಕೆಡಿಸುವವರೆಂಬ ದೂರು ಇಂದು ಬೀಳುವುದು ಹುಲ್ಲುಹಾಸು ನೋಡಿಕೊಳ್ಳುವ ಆಳುಗಳ ಮೇಲೆ. ಇವರಲ್ಲಿ ಹೆಚ್ಚಿನವರು ಲ್ಯಾಟಿನ್ ಅಮೆರಿಕದಿಂದ ವಲಸೆ ಬಂದವರು. ಉದುರಿದ ಎಲೆಯನ್ನು ಗಾಳಿ ಊದಿ ಗುಡ್ಡೆ ಹಾಕುವ ಪೆಟ್ರೋಲ್ ಯಂತ್ರಗಳಿಗೆ ವೆಸ್ಟ್‌ಚೆಸ್ಟರ್ ಕೌಂಟಿಯ ಹಲವು ಊರುಗಳು ನಿರ್ಬಂಧ ಹೇರಿವೆ, ಸ್ಕಾರ್ಸ್‌ಡೇಲ್ ಕೂಡ. ಅಂಗಳದಲ್ಲಿ ಒಂದೆಲೆಯೂ ಇರಬಾರದು, ಎಲೆ ತೆಗೆಯುವ ಸದ್ದೂ ಕೇಳಬಾರದು: ಈ ಎರಡು ಬಯಕೆಗಳ ನಡುವೆ ಸಿಕ್ಕಿಕೊಂಡವನು ಯಂತ್ರವನ್ನು ಬೆನ್ನಿಗೆ ಹೊತ್ತವನು.

5. ಬಾಗಿಲು ಮತ್ತು ಶಾಲೆ

ಬೆಲೆ ತೆತ್ತವರಿಗೂ ಬಾಗಿಲು ಸುಲಭಕ್ಕೆ ತೆರೆಯಲಿಲ್ಲ. ಸ್ಕಾರ್ಸ್‌ಡೇಲ್ ಹೆಸರಿನ ಗಾಲ್ಫ್ ಕ್ಲಬ್ಬಿನಲ್ಲಿ ನಡೆದ ನೃತ್ಯಕೂಟಕ್ಕೆ ಯುವತಿಯೊಬ್ಬಳ ಜೊತೆಗಾರನಾಗಿ ಬರಬೇಕಿದ್ದ ಹುಡುಗನನ್ನು, ಅವನ ತಂದೆ ಯಹೂದಿ ಮೂಲದವರೆಂಬ ಕಾರಣಕ್ಕೆ ತಡೆಯಲಾಯಿತು. ಹುಡುಗ ಸ್ವತಃ ಕ್ರೈಸ್ತ. 1961ರ ಜನವರಿಯಲ್ಲಿ ಸೇಂಟ್ ಜೇಮ್ಸ್ ದ ಲೆಸ್ ಚರ್ಚಿನ ಪಾದ್ರಿ ಜಾರ್ಜ್ ಕೆಂಪ್ಸೆಲ್, ಈ ತಡೆಯನ್ನು ಒಪ್ಪಿದವರು ಪಶ್ಚಾತ್ತಾಪ ಪಡುವವರೆಗೆ ತಮ್ಮ ಚರ್ಚಿನಲ್ಲಿ ಪ್ರಸಾದ ಸ್ವೀಕರಿಸಬಾರದೆಂದು ಸಾರಿದರು. ಸುದ್ದಿ ದೇಶವೆಲ್ಲ ಹಬ್ಬಿತು. ಮುಂದಿನ ದಶಕಗಳಲ್ಲಿ ಯಹೂದಿಗಳು ಊರಿನ ಮುಖ್ಯ ಸಮುದಾಯವಾದರು. 1980ರ ದಶಕದಲ್ಲಿ ಜಪಾನಿ ಕಂಪನಿಗಳ ಅಧಿಕಾರಿಗಳ ಕುಟುಂಬಗಳು, ಆಮೇಲೆ ಚೀನಾ, ಭಾರತ ಮೂಲದವರು ಬಂದರು. ಮತ, ಮೂಲಗಳ ಗೋಡೆ ಸವೆದರೂ ವರಮಾನದ ಗೋಡೆ ಎತ್ತರವಾಗುತ್ತಲೇ ಹೋಯಿತು. ಜನಗಣತಿ ಇಲಾಖೆ ಮಧ್ಯಾಂಕ (ಮೀಡಿಯನ್) ಕೌಟುಂಬಿಕ ವರಮಾನಕ್ಕೆ ಹಾಕಿಕೊಂಡ ಮೇಲಿನ ಮಿತಿ 2,50,000 ಡಾಲರ್. ಅದನ್ನು ಮೀರಿದ ಊರಿಗೆ 'ಅದಕ್ಕಿಂತ ಹೆಚ್ಚು' ಎಂದಷ್ಟೇ ಬರೆಯುತ್ತದೆ. ಸ್ಕಾರ್ಸ್‌ಡೇಲಿನ ಸಾಲಿನಲ್ಲಿರುವುದು ಆ ಬರಹ.

ಬಂದವರೆಲ್ಲರನ್ನೂ ಸೆಳೆದದ್ದು ಶಾಲೆ. ಊರಿನ ಕೇರಿಗಳನ್ನು ಗುರುತಿಸುವುದೂ ಐದು ಪ್ರಾಥಮಿಕ ಶಾಲೆಗಳ ಹೆಸರಿನಿಂದ: ಎಡ್ಜ್‌ವುಡ್, ಫಾಕ್ಸ್ ಮೆಡೋ, ಗ್ರೀನ್‌ಏಕರ್ಸ್, ಹೀತ್‌ಕೋಟ್, ಕ್ವೇಕರ್ ರಿಜ್. ಮನೆ ತೆರಿಗೆಯ ದೊಡ್ಡ ಪಾಲು ಶಾಲೆಗೆ ಹೋಗುತ್ತದೆ; ಶಾಲೆಯ ಹೆಸರು ಮನೆಯ ಬೆಲೆಯನ್ನು ಏರಿಸುತ್ತದೆ. ಪೈಪೋಟಿಯ ಒತ್ತಡ ತಗ್ಗಿಸಲೆಂದು 2007ರ ಸುಮಾರಿಗೆ ಇಲ್ಲಿನ ಹೈಸ್ಕೂಲು ಕಾಲೇಜು ಮಟ್ಟದ ದೇಶವ್ಯಾಪಿ 'ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್' ಪಠ್ಯಕ್ರಮ ಬಿಟ್ಟು ತನ್ನದೇ ಪಠ್ಯ ರೂಪಿಸಿತು. ಸ್ಪರ್ಧೆಯಿಂದ ಹಿಂದೆ ಸರಿಯುವ ಧೈರ್ಯವೂ ಗೆದ್ದವರಿಗೇ ಮೊದಲು ಸಿಗುತ್ತದೆ. ಅಮೆರಿಕದ ಕನ್ನಡ ಮನೆಗಳಲ್ಲಿ 'ಸ್ಕೂಲ್ ಡಿಸ್ಟ್ರಿಕ್ಟ್ ಹೇಗಿದೆ?' ಎಂದು ಕೇಳಿದ ಮೇಲೆಯೇ ಮನೆ ನೋಡಲು ಹೊರಡುವುದು. ಆ ಪ್ರಶ್ನೆಯ ಬೇರು ಇಂಥ ಊರುಗಳಲ್ಲಿದೆ.

6. ಕಾರಿಗೆ ಸಿಕ್ಕ ಜಾಗ

ಕೋವಿಡ್ ಹರಡಿದ 2020ರ ವಸಂತದಲ್ಲಿ, ಹಾರ್ಲೆಮ್ ಮಾರ್ಗವನ್ನು ಈಗ ನಡೆಸುವ ಮೆಟ್ರೊ-ನಾರ್ತ್ ರೈಲುಗಳ ಪ್ರಯಾಣಿಕರ ಸಂಖ್ಯೆ ಶೇಕಡಾ 95ರಷ್ಟು ಕುಸಿಯಿತು. ಕಚೇರಿ ಮನೆಯೊಳಗೆ ಬಂದು ಕೂತಾಗ, ತಮ್ಮ ಬೀದಿಯ ಹಗಲನ್ನು ಹಲವರು ಮೊದಲ ಸಲ ಕೇಳಿಸಿಕೊಂಡರು. ಪ್ರಯಾಣಿಕರು ಮರಳಿದ್ದಾರೆ, ವಾರಕ್ಕೈದು ದಿನದ ಲಯ ಹಳೆಯಂತೆ ಮರಳಿಲ್ಲ.

ಮೌನದ ಲೆಕ್ಕಾಚಾರ ಬಯಲಿಗೆ ಬಂದದ್ದು ಮಾತ್ರ ನಿಲ್ದಾಣದ ಪಕ್ಕದ ಫ್ರೈಟ್‌ವೇ ಗ್ಯಾರೇಜಿನ ವಿವಾದದಲ್ಲಿ. ಹಳತಾದ ಈ ಬಹುಮಹಡಿ ಕಾರು ನಿಲ್ದಾಣದ ಜಾಗದಲ್ಲಿ ಅಪಾರ್ಟ್‌ಮೆಂಟುಗಳನ್ನು ಕಟ್ಟುವ ಪ್ರಸ್ತಾವ ಬಂದಾಗ ಶಾಲೆ ತುಂಬಿ ತುಳುಕುತ್ತದೆಂದು ನಿವಾಸಿಗಳು ಎದ್ದುನಿಂತರು. 2020ರಲ್ಲಿ ಯೋಜನೆ ಕೈಬಿಡಲಾಯಿತು. 2023ರಲ್ಲಿ ನ್ಯೂಯಾರ್ಕ್ ರಾಜ್ಯದ ಗವರ್ನರ್ ಕ್ಯಾತಿ ಹೋಕಲ್ ರೈಲು ನಿಲ್ದಾಣಗಳ ಅರ್ಧ ಮೈಲಿ ವ್ಯಾಪ್ತಿಯಲ್ಲಿ ಹೆಚ್ಚು ಮನೆಗಳಿಗೆ ಅವಕಾಶ ಕೊಡುವ ಕಾನೂನನ್ನು ಮುಂದಿಟ್ಟಾಗ, ವೆಸ್ಟ್‌ಚೆಸ್ಟರ್ ಮತ್ತು ಲಾಂಗ್ ಐಲೆಂಡಿನ ಉಪನಗರಗಳ ವಿರೋಧಕ್ಕೆ ಅದೂ ಬಿದ್ದುಹೋಯಿತು. ನಿವಾಸಿಗಳ ಆತಂಕ ಸುಳ್ಳೆನ್ನಲಾಗದು: ತರಗತಿಗೆ ಮಿತಿಯಿದೆ, ತೆರಿಗೆಗೂ ಮಿತಿಯಿದೆ. ಆದರೆ ರೈಲು ಸಾರ್ವಜನಿಕ ಹಣದಿಂದ ಓಡುತ್ತದೆ. ಅದರ ಬಾಗಿಲು ತೆರೆಯುವ ನೆಲದ ಮೇಲಿನ ಹಕ್ಕು ಊರಿನವರದಾಗಿಯೇ ಉಳಿದಿದೆ.

ಲೇಖನದ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ನಗರದ ಸಂಬಳವನ್ನು ಪಡೆದು ನಗರದ ದಟ್ಟಣೆಯಿಂದ ವಿನಾಯಿತಿ ಪಡೆಯುವುದೇ ನಿತ್ಯ ಪ್ರಯಾಣಿಕನ ರಿಯಾಯಿತಿ. ಉಳಿದ ದರವನ್ನು ತೆರುವವರು ಬೆಳಿಗ್ಗೆ ಎದುರು ದಿಕ್ಕಿನ ಬಂಡಿ ಹಿಡಿದು ಬಂದು ಸಂಜೆ ದೂರದ ಬಾಡಿಗೆ ಮನೆಗೆ ಮರಳುವವರು. ನಿಲ್ದಾಣದ ಪಕ್ಕದ ಆ ಕಟ್ಟಡದಲ್ಲಿ ಯಜಮಾನರ ಕಾರುಗಳು ಹಗಲಿಡೀ ನೆರಳಿನಲ್ಲಿ ನಿಂತಿರುತ್ತವೆ. ಅವರ ಮನೆ ಗುಡಿಸುವವರಿಗೆ ಅಷ್ಟೇ ಅಗಲದ ನೆಲ ಅಲ್ಲಿ ಸಿಕ್ಕಿಲ್ಲ.