ದಿವ್ಯಾಯುಧಗಳ ಪೂಜೆ: ಶಕ್ತಿಯ ಜತೆಗೆ ಸಂಯಮದ ಆರಾಧನೆ

ಮಹಾನವಮಿಯಂದು ನಾಡಿನಾದ್ಯಂತ ಮನೆ, ಅಂಗಡಿ, ಕಾರ್ಖಾನೆಗಳಲ್ಲಿ ಆಯುಧಪೂಜೆ ನಡೆಯುತ್ತದೆ. ಕುಡುಗೋಲು, ಸುತ್ತಿಗೆ, ವಾಹನಗಳಿಗೆ ಅರಿಶಿನ ಕುಂಕುಮ ಹಚ್ಚಿ ಬೂದುಗುಂಬಳ ಒಡೆಯುವ ಆಚರಣೆ ಎಲ್ಲರಿಗೂ ಪರಿಚಿತ. ಆದರೆ ಕೊಲ್ಲುವ ಸಾಧನವೊಂದು ಪೂಜಾರ್ಹವಾಗುವುದು ಹೇಗೆ? ಪುರಾಣೇತಿಹಾಸಗಳು ನೀಡುವ ಉತ್ತರ ಸ್ಪಷ್ಟ. ಪೂಜೆ ಸಲ್ಲುವುದು ಹಿಂಸೆಗಲ್ಲ, ಧರ್ಮಕ್ಕೆ ಅಧೀನವಾದ ಶಕ್ತಿಗೆ.

ಶಸ್ತ್ರ ಮತ್ತು ಅಸ್ತ್ರ

ಖಡ್ಗ, ಗದೆಗಳಂತೆ ಕೈಯಲ್ಲಿ ಹಿಡಿದು ಬಳಸುವುದು ಶಸ್ತ್ರ, ಎಸೆಯುವಂಥದು ಅಸ್ತ್ರ. ದಿವ್ಯಾಸ್ತ್ರವಾದರೋ ಮಂತ್ರದಿಂದ ಆವಾಹನೆಗೊಳ್ಳುವ ದೇವತಾಶಕ್ತಿ. ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ವಿಶ್ವಾಮಿತ್ರರು ಉಪದೇಶಿಸಿದ ಅಸ್ತ್ರಗಳು ರೂಪ ತಳೆದು, ಕೈಮುಗಿದು ಶ್ರೀರಾಮನ ಮುಂದೆ ನಿಲ್ಲುತ್ತವೆ. ರಾಮನು ಅಷ್ಟಕ್ಕೇ ತೃಪ್ತನಾಗದೆ, ಅಸ್ತ್ರಗಳನ್ನು ಹಿಂದಕ್ಕೆ ಪಡೆಯುವ ಉಪಸಂಹಾರ ವಿದ್ಯೆಯನ್ನೂ ಗುರುವಿನಿಂದ ಕೇಳಿ ಕಲಿಯುತ್ತಾನೆ.

ಈ ವಿದ್ಯೆಯ ಮಹತ್ವ ತಿಳಿಯುವುದು ಮಹಾಭಾರತದ ಸೌಪ್ತಿಕ ಪರ್ವದಲ್ಲಿ. ಅಶ್ವತ್ಥಾಮನ ಬ್ರಹ್ಮಶಿರಾಸ್ತ್ರಕ್ಕೆ ಎದುರಾಗಿ ಅರ್ಜುನನೂ ಅದನ್ನೇ ಪ್ರಯೋಗಿಸಿದಾಗ ನಾರದ, ವ್ಯಾಸರು ನಡುವೆ ಬಂದು ತಡೆಯುತ್ತಾರೆ. ಅರ್ಜುನ ಅಸ್ತ್ರವನ್ನು ಉಪಸಂಹರಿಸುತ್ತಾನೆ. ಅಶ್ವತ್ಥಾಮನಿಗೆ ಅದು ಸಾಧ್ಯವಾಗದೆ, ಅಸ್ತ್ರವನ್ನು ಪಾಂಡವ ಸ್ತ್ರೀಯರ ಗರ್ಭಗಳತ್ತ ತಿರುಗಿಸುತ್ತಾನೆ. ತಡೆಯಲಾರದವನ ಕೈಗೆ ಸಿಕ್ಕ ಆಯುಧ ಹುಟ್ಟಲಿರುವ ಶಿಶುವನ್ನೂ ಬಿಡದು ಎಂಬುದೇ ಈ ಪ್ರಸಂಗದ ಎಚ್ಚರಿಕೆ.

ಪಂಚಾಯುಧಗಳ ಸಂಕೇತ

ಪಾಂಚಜನ್ಯ ಶಂಖ, ಸುದರ್ಶನ ಚಕ್ರ, ಕೌಮೋದಕೀ ಗದೆ, ನಂದಕ ಖಡ್ಗ ಮತ್ತು ಶಾರ್ಙ್ಗ ಧನುಸ್ಸು ವಿಷ್ಣುವಿನ ಪಂಚಾಯುಧಗಳು. ವಿಷ್ಣುಪುರಾಣದ ಮೊದಲ ಅಂಶವು ಇವನ್ನು ತತ್ತ್ವಗಳಾಗಿ ವಿವರಿಸುತ್ತದೆ. ಚಕ್ರವು ಗಾಳಿಗಿಂತಲೂ ವೇಗವಾದ ಮನಸ್ಸು, ಗದೆ ಬುದ್ಧಿ, ಶಂಖ ಮತ್ತು ಧನುಸ್ಸು ಅಹಂಕಾರದ ಎರಡು ರೂಪಗಳು, ಬಾಣಗಳು ಇಂದ್ರಿಯಗಳು. ಖಡ್ಗ ವಿದ್ಯೆಯಾದರೆ ಅದನ್ನು ಮುಚ್ಚಿರುವ ಒರೆ ಅವಿದ್ಯೆ.

ಶಿಲ್ಪಿಗಳು ಆಯುಧಗಳಿಗೆ ಮನುಷ್ಯರೂಪ ಕೊಟ್ಟರು. ಇವೇ ಆಯುಧಪುರುಷರು. ಸಂಸ್ಕೃತದಲ್ಲಿ 'ಗದಾ' ಸ್ತ್ರೀಲಿಂಗವಾದ್ದರಿಂದ ಆಕೆ ಗದಾದೇವಿ. ಅನೇಕ ಶಿಲ್ಪಗಳಲ್ಲಿ ವಿಷ್ಣುವಿನ ಕೈ ಇವರ ತಲೆಯ ಮೇಲಿರುತ್ತದೆ. ಆಯುಧವು ಒಡೆಯನ ಅಂಕೆಯಲ್ಲಿದೆ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ದೇಗುಲಗಳಲ್ಲಿ ಆರಾಧನೆ

ಶ್ರೀವೈಷ್ಣವ ದೇಗುಲಗಳಲ್ಲಿ ಸುದರ್ಶನನು ಚಕ್ರತ್ತಾಳ್ವಾರ್ ಎಂಬ ಹೆಸರಿನಿಂದ ಪೂಜೆಗೊಳ್ಳುತ್ತಾನೆ. ಇಂಥ ಮೂರ್ತಿಯ ಹಿಂಬದಿಯಲ್ಲಿ ಸಾಮಾನ್ಯವಾಗಿ ಯೋಗನರಸಿಂಹ ಇರುವುದುಂಟು. ತಿರುಮಲೆಯ ಬ್ರಹ್ಮೋತ್ಸವ ಪುಷ್ಕರಿಣಿಯಲ್ಲಿ ನಡೆಯುವ ಚಕ್ರಸ್ನಾನದೊಂದಿಗೆ ಸಮಾಪ್ತಿಯಾಗುತ್ತದೆ. ಜಾಫ್ನಾದ ನಲ್ಲೂರು ಕಂದಸ್ವಾಮಿ ದೇಗುಲದಲ್ಲಿ ಮುರುಗನ ವೇಲಾಯುಧಕ್ಕೇ ಪೂಜೆ. ಉಡುಪಿಯಲ್ಲಿ ಆಷಾಢ ಶುದ್ಧ ಏಕಾದಶಿಯಂದು ಮಾಧ್ವರು ಕಾಯಿಸಿದ ಶಂಖ ಚಕ್ರಗಳ ತಪ್ತಮುದ್ರೆ ಧರಿಸುತ್ತಾರೆ. ಇಲ್ಲಿ ಆಯುಧವು ಭಕ್ತನ ಮೈಮೇಲಿನ ರಕ್ಷೆ.

ಮೈಸೂರು ಮತ್ತು ಬನ್ನಿ

ದೇವೀಮಾಹಾತ್ಮ್ಯದಲ್ಲಿ ಮಹಿಷಾಸುರನ ವಧೆಗಾಗಿ ಶಿವ ತ್ರಿಶೂಲವನ್ನೂ ವಿಷ್ಣು ಚಕ್ರವನ್ನೂ ಇಂದ್ರ ವಜ್ರವನ್ನೂ ದೇವಿಗೆ ಒಪ್ಪಿಸುತ್ತಾರೆ. ಚಾಮುಂಡಿಯ ನಾಡಾದ ಮೈಸೂರಿನಲ್ಲಿ ಅರಮನೆಯ ಆಯುಧಗಳಿಗೆ ಮಹಾನವಮಿಯಂದು ಪೂಜೆ ಸಲ್ಲುತ್ತದೆ. ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ 2013ರಲ್ಲಿ ನಿಧನರಾದ ಬಳಿಕ, 2014ರ ಖಾಸಗಿ ದರ್ಬಾರಿನಲ್ಲಿ ಸಿಂಹಾಸನದ ಮೇಲೆ ಇರಿಸಿದ್ದು ಪಟ್ಟದ ಕತ್ತಿಯನ್ನು.

ಮರುದಿನ ವಿಜಯದಶಮಿ. ಅಜ್ಞಾತವಾಸದಲ್ಲಿ ಪಾಂಡವರು ಆಯುಧಗಳನ್ನು ಬಚ್ಚಿಟ್ಟದ್ದು ಶಮೀವೃಕ್ಷದಲ್ಲಿ, ಅಂದರೆ ಬನ್ನಿಮರದಲ್ಲಿ. ಕೊಟ್ಟ ಮಾತಿಗಾಗಿ ಅವರು ಇಡೀ ವರ್ಷ ಗಾಂಡೀವವನ್ನು ಮುಟ್ಟಲಿಲ್ಲ. ದ್ರೌಪದಿಯನ್ನು ಪೀಡಿಸಿದ ಕೀಚಕನನ್ನು ಭೀಮ ಬರಿಗೈಯಿಂದಲೇ ಕೊಂದ. ಆಯುಧಪೂಜೆಯ ಮಾರನೆಯ ದಿನವೇ ನಾವು ಬನ್ನಿ ಹಂಚುತ್ತೇವೆ. ಆಯುಧವನ್ನು ಎತ್ತಲು ಬಲ್ಲವನಿಗೆ ಕೆಳಗಿಡುವುದೂ ತಿಳಿದಿರಬೇಕು ಎಂಬ ಅರ್ಥ ಆ ಎಲೆಯಲ್ಲಿದೆ.